ಹೊಸದಾಗಿ ಕೊಂಡ ಹಳೇ ಗಾಡಿಯ ವೈರಿಂಗ್: ಪ್ರಶ್ನೋತ್ತರ

ಅಡ್ಮಿನ್: ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್, ಜೀಪು ಹೊಸದಾಗಿ ತಗೊಂಡವರ ಕರೆಂಟ್ ತೊಂದರೆಗಳಿಗೆ ಇವತ್ತು ನಮ್ಮ ಆಟೋ ಎಲೆಕ್ಟ್ರಿಷಿಯನ್ ಅವರು ಉತ್ತರ ಕೊಡ್ತಾರೆ. ಗಾಡಿ ಯಾವುದು, ಬ್ಯಾಟರಿ ಚಾರ್ಜ್ ಮಾಡೋಕೆ ಹಳೇ ಕಾಲದ ಡೈನಮೊ ಇದೆಯೋ ಆಮೇಲೆ ಬಂದ ಆಲ್ಟರ್ನೇಟರೋ, ಬ್ಯಾಟರಿಯ ಯಾವ ಟರ್ಮಿನಲ್ ಅರ್ತ್ ಆಗಿದೆ (ಗಾಡಿಯ ಮೈಗೆ ಸೇರಿದೆ) ಅಂತ ಬರೆದು ಕೇಳಿ.

ಹಾಸನ ಪದ್ಮಿನಿ: ನಮಸ್ಕಾರ ಸರ್. ಪದ್ಮಿನಿ, ಆಲ್ಟರ್ನೇಟರ್, ನೆಗೆಟಿವ್ ಅರ್ತ್. ಹೊಸ ಬ್ಯಾಟರಿ ಹಾಕ್ಸಿದ್ದೀನಿ, 12.6 ವೋಲ್ಟ್ ತೋರಿಸುತ್ತೆ. ಆದ್ರೂ ಸೆಲ್ಫ್ ನಿಧಾನಕ್ಕೆ ಎಳೆಯುತ್ತೆ. ಇನ್ನೊಂದು ವಿಚಿತ್ರ, ಎರಡು ಮೂರು ಸಲ ಸೆಲ್ಫ್ ಹೊಡೆದ ಮೇಲೆ ಚೋಕ್ ವೈರ್ ಬಿಸಿಯಾಗಿರುತ್ತೆ. ಸೆಲ್ಫ್ ಮೋಟಾರ್ ಬಿಚ್ಚಿಸಲಾ?

ಎಲೆಕ್ಟ್ರಿಷಿಯನ್: ನಮಸ್ಕಾರ. ಬಿಚ್ಚಿಸಬೇಡಿ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ, ಬಾಡಿಗೂ ಅದಕ್ಕೂ ಕರೆಂಟ್ ಸಂಬಂಧ ಇರೋದು ಒಂದು ಹೆಣೆದ ಅರ್ತ್ ಪಟ್ಟಿಯಿಂದ. ಅದು ಕಿತ್ತೋಗಿದ್ರೆ, ಅಥವಾ ಇಂಜಿನ್ ಕೆಲಸ ಮಾಡಿದವರು ವಾಪಸ್ ಹಾಕದೇ ಬಿಟ್ಟಿದ್ರೆ, ಸೆಲ್ಫ್ ಎಳೆಯೋ ನೂರಕ್ಕೂ ಹೆಚ್ಚು ಆಂಪಿಯರ್ ಚೋಕ್ ವೈರ್, ಆಕ್ಸಿಲರೇಟರ್ ವೈರ್ ಮೂಲಕ ದಾರಿ ಹುಡುಕುತ್ತೆ. ಬಿಸಿ ಆಗೋದು ಅದಕ್ಕೇ. ಹೀಗೇ ಓಡಿಸಿದ್ರೆ ವೈರು ಕವಚದ ಒಳಗೇ ಬೆಸೆದುಕೊಂಡು ಆಕ್ಸಿಲರೇಟರ್ ಸಿಕ್ಕಿಹಾಕಿಕೊಳ್ಳುತ್ತೆ.

ಪರೀಕ್ಷೆ ಹೀಗೆ ಮಾಡಿ. ಕಿಡಿ ಹುಟ್ಟಿಸೋ ಇಗ್ನಿಷನ್ ಕಾಯಿಲ್‌ನ ಮಧ್ಯದ ದಪ್ಪ ವೈರ್ ತೆಗೆದು ಇಂಜಿನ್‌ಗೆ ತಾಗಿಸಿ ಕಟ್ಟಿ, ಗಾಡಿ ಸ್ಟಾರ್ಟ್ ಆಗಬಾರದು. ಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಇಂಜಿನ್ ಬ್ಲಾಕ್‌ನ ಬರೀ ಲೋಹದ ಮೇಲೆ ಹಿಡಿದು ಸೆಲ್ಫ್ ಹೊಡೆಸಿ. ಕ್ಲಾಂಪ್ ಮೇಲೆ ಹಿಡಿಯಬೇಡಿ, ಕಂಬದ ಮೇಲೇ ಹಿಡಿಯಿರಿ. 0.2 ವೋಲ್ಟ್ ಒಳಗಿದ್ರೆ ಸರಿ, 0.5 ದಾಟಿದ್ರೆ ಅರ್ತ್ ಕೆಟ್ಟಿದೆ. ಪಟ್ಟಿ ಕೂರೋ ಜಾಗದ ಪೇಂಟ್ ಕೆರೆದು, ಹೊಸ ಪಟ್ಟಿ ಹಾಕಿ, ನಟ್ ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಕೆಳಗೆ ಗ್ರೀಸ್ ಹಾಕಿ ಮೇಲೆ ಪಟ್ಟಿ ಕೂರಿಸಬೇಡಿ.

ಹಾಸನ ಪದ್ಮಿನಿ: ಸರ್, 1.9 ವೋಲ್ಟ್ ತೋರಿಸ್ತು. ಕೆಳಗೆ ಬಗ್ಗಿ ನೋಡಿದ್ರೆ ಪಟ್ಟಿನೇ ಇಲ್ಲ, ಬೋಲ್ಟ್ ಮಾತ್ರ ಇದೆ.

ಎಲೆಕ್ಟ್ರಿಷಿಯನ್: ಹಾಕಿ. ಆಮೇಲೆ ಆಕ್ಸಿಲರೇಟರ್ ವೈರನ್ನೂ ಕಳಚಿ ಎಳೆದು ನೋಡಿ, ಸಲೀಸಾಗಿ ಆಡದಿದ್ರೆ ಬದಲಿಸಿ.

ತೀರ್ಥಹಳ್ಳಿ ಮಾರ್ಕ್ 2: ಸರ್, ಅಂಬಾಸಿಡರ್ ಮಾರ್ಕ್ 2, ಡೈನಮೊ. ಹೋದ ವಾರ ಮನೆಗೆ ತಂದಿದ್ದು. ಕೀ ಆಫ್ ಮಾಡಿ ತೆಗೆದ ಮೇಲೂ ಚಾರ್ಜಿಂಗ್‌ನ ಕೆಂಪು ದೀಪ ಮಂದವಾಗಿ ಉರೀತಾ ಇರುತ್ತೆ. ಕೀ ಆನ್ ಮಾಡಿದ್ರೆ ಆರಿಹೋಗುತ್ತೆ! ಎರಡು ಗಂಟೆ ನಿಲ್ಲಿಸಿದ್ರೆ ಬ್ಯಾಟರಿ ಖಾಲಿ. ಇಂಜಿನ್ ತಣ್ಣಗಾದ ಮೇಲೂ ಡೈನಮೊ ಮುಟ್ಟೋಕಾಗಲ್ಲ, ಅಷ್ಟು ಸುಡುತ್ತೆ. ಬಲ್ಬ್ ಹೋಲ್ಡರ್ ಶಾರ್ಟ್ ಆಗಿರಬಹುದಾ?

ಎಲೆಕ್ಟ್ರಿಷಿಯನ್: ಮುಂದೆ ಓದೋಕೆ ಮೊದಲು ಹೋಗಿ ಬ್ಯಾಟರಿ ಟರ್ಮಿನಲ್ ಕಳಚಿ ಬನ್ನಿ. ಗಾಡಿ ಮನೆಗೆ ಅಂಟಿಕೊಂಡ ಶೆಡ್‌ನಲ್ಲಿದ್ರೆ ಇನ್ನೂ ಬೇಗ.

ಕಳಚಿದ್ರಾ? ಈಗ ಕೇಳಿ. ಕೆಂಪು ದೀಪದ ಒಂದು ತುದಿ ಇಗ್ನಿಷನ್ ಸ್ವಿಚ್‌ಗೆ, ಇನ್ನೊಂದು ತುದಿ ಡೈನಮೊದ ಕರೆಂಟ್ ಹೊರಬರೋ ಡಿ ಟರ್ಮಿನಲ್‌ಗೆ ಹೋಗಿರುತ್ತೆ. ಕೀ ಆನ್, ಇಂಜಿನ್ ನಿಂತಿದೆ ಅಂದ್ರೆ ಸ್ವಿಚ್ ಕಡೆ 12 ವೋಲ್ಟ್, ಡೈನಮೊ ಕಡೆ ಸೊನ್ನೆ, ದೀಪ ಉರಿಯುತ್ತೆ. ಚಾರ್ಜ್ ಶುರುವಾದ್ರೆ ಎರಡೂ ಕಡೆ ಸಮ, ಆರುತ್ತೆ. ನಿಮ್ಮದು ತಿರುಗುಮುರುಗು ಆಗಿದೆ. ಕೀ ಇಲ್ಲದಾಗ ಡೈನಮೊ ಕಡೆ 12 ವೋಲ್ಟ್ ನಿಂತಿದೆ. ನಿಂತ ಇಂಜಿನ್‌ನಲ್ಲಿ ಅಲ್ಲಿಗೆ ವೋಲ್ಟ್ ಬರೋದು ಬ್ಯಾಟರಿಯಿಂದ. ಅಂದ್ರೆ ಕಂಟ್ರೋಲ್ ಬಾಕ್ಸ್ ಒಳಗಿನ ಕಟ್‌ಔಟ್ ಪಾಯಿಂಟ್ (ಚಾರ್ಜ್ ಇಲ್ಲದಾಗ ಡೈನಮೊವನ್ನು ಬ್ಯಾಟರಿಯಿಂದ ಬಿಡಿಸೋ ಸ್ವಿಚ್) ಬೆಸೆದುಕೊಂಡಿದೆ. ಬ್ಯಾಟರಿ ಡೈನಮೊವನ್ನು ಮೋಟಾರ್ ತರ ತಿರುಗಿಸೋಕೆ ನೋಡ್ತಿದೆ, ಬೆಲ್ಟ್ ಬಿಡ್ತಿಲ್ಲ, ಹತ್ತಾರು ಆಂಪಿಯರ್ ಬಿಸಿಯಾಗಿ ಹೋಗ್ತಿದೆ. ಈ ದಾರಿಯಲ್ಲಿ ಕಂಪನಿ ಒಂದು ಫ್ಯೂಸೂ ಕೊಟ್ಟಿಲ್ಲ. ಫ್ಯೂಸ್ ಬಾಕ್ಸ್‌ನಲ್ಲಿರೋ ಎರಡು ಫ್ಯೂಸ್ ಹಾರ್ನ್, ವೈಪರ್, ಬ್ರೇಕ್ ಲೈಟ್ ಅಂಥದ್ದಕ್ಕೆ. ವೈರಿನ ಮೈ ಕರಗಿದ್ರೆ ಪಕ್ಕದ ವೈರುಗಳನ್ನೂ ಕರಗಿಸಿ ಡ್ಯಾಶ್‌ಬೋರ್ಡ್ ತನಕ ಹೋಗುತ್ತೆ.

ಕಂಟ್ರೋಲ್ ಬಾಕ್ಸ್ ಮುಚ್ಚಳ ತೆಗೆಯಿರಿ. ಎರಡು ಸುರುಳಿ ಇರುತ್ತೆ. ಕರೆಂಟ್ ಇಲ್ಲದಾಗ ಪಾಯಿಂಟ್ ಮುಚ್ಚಿರಬೇಕಾದ್ದು ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್, ತೆರೆದಿರಬೇಕಾದ್ದು ಕಟ್‌ಔಟ್. ನಿಮ್ಮದರಲ್ಲಿ ಎರಡೂ ಮುಚ್ಚಿರುತ್ತೆ. ಉಗುರಿನಿಂದ ಎತ್ತಿದ್ರೆ ಕಟ್‌ಔಟ್ ಪಟ್ ಅಂತ ಬಿಡುತ್ತೆ. ಬಿಡ್ತು ಅಂತ ಹಾಗೇ ಮುಚ್ಚಬೇಡಿ, ಮತ್ತೆ ಅಂಟುತ್ತೆ. ಕಟ್‌ಔಟ್ ಪಾಯಿಂಟನ್ನು ನಯವಾದ ಗ್ಲಾಸ್ ಪೇಪರ್‌ನಿಂದ ಉಜ್ಜಿ ಸ್ಪಿರಿಟ್‌ನಲ್ಲಿ ಒರೆಸಿ. ಎಮೆರಿ ಪೇಪರ್ ಮುಟ್ಟಿಸಬೇಡಿ, ಅದರ ಹರಳು ಮೆತ್ತಗಿನ ಪಾಯಿಂಟ್‌ನಲ್ಲಿ ಹೂತುಕೊಂಡು ಕಾಂಟ್ಯಾಕ್ಟ್ ಕೆಡಿಸುತ್ತೆ. ಕಟ್‌ಔಟ್ 12.7ರಿಂದ 13.3 ವೋಲ್ಟ್‌ನಲ್ಲಿ ಮುಚ್ಚಬೇಕು, 8.5ರಿಂದ 11ರಲ್ಲಿ ಬಿಡಬೇಕು. ಪಾಯಿಂಟ್ ಗುಂಡಿ ಬಿದ್ದಿದ್ರೆ ಬಾಕ್ಸ್ ಬದಲಿಸಿ.

ಅದಾದ ಮೇಲೆ ಡೈನಮೊ. ಡಿ ವೈರನ್ನೂ, ಫೀಲ್ಡ್ ಸುರುಳಿಗೆ ಹೋಗೋ ಎಫ್ ವೈರನ್ನೂ ತೆಗೆಯಿರಿ. ಡೈನಮೊದ ಡಿ ಮತ್ತು ಎಫ್ ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಆ ವೈರಿಗೂ ಡೈನಮೊ ಮೈಗೂ ಮಧ್ಯೆ ಮೀಟರ್ ಹಾಕಿ. ಬ್ಯಾಟರಿ ವಾಪಸ್ ಕೊಟ್ಟು ಸ್ಟಾರ್ಟ್ ಮಾಡಿ ನಿಧಾನಕ್ಕೆ ರೇಸ್ ಕೊಡಿ. ಮುಳ್ಳಿನ ಮೀಟರ್ ಒಳ್ಳೇದು, ಡಿಜಿಟಲ್ ಆದ್ರೆ ಅಂಕಿ ಕುಣಿಯುತ್ತೆ. ಸಾವಿರ ಆರ್‌ಪಿಎಂ ಸಾಕು, 20 ವೋಲ್ಟ್ ಮುಟ್ಟೋಕೆ ಬಿಡಬೇಡಿ. ಮುಳ್ಳು ಒಂದೇ ಸಮ ಏರಿದ್ರೆ ಡೈನಮೊ ಬದುಕಿದೆ. ಏನೂ ಬರದಿದ್ರೆ ಬ್ರಷ್. ಅರ್ಧ, ಒಂದು ವೋಲ್ಟ್‌ಗೆ ನಿಂತ್ರೆ ಫೀಲ್ಡ್ ಸುರುಳಿ. ನಾಲ್ಕೈದಕ್ಕೆ ನಿಂತ್ರೆ ಆರ್ಮೇಚರ್ (ಒಳಗೆ ತಿರುಗೋ ಸುರುಳಿ). ಅಂಕಿ ಇಲ್ಲೇ ಬರೆಯಿರಿ.

ತೀರ್ಥಹಳ್ಳಿ ಮಾರ್ಕ್ 2: ಟರ್ಮಿನಲ್ ತೆಗೆದೆ ಸರ್. ನಾಳೆ ಬೆಳಕಲ್ಲಿ ಮಾಡಿ ಹೇಳ್ತೀನಿ.

ಬೆಳಗಾವಿ ಜೀಪ್: ಅಣ್ಣಾರ, ನಮ್ಮ ಜೀಪಿನ ವೈಪರ್ ಅರ್ಧಕ್ಕ ಬಂದು ನಿಂದರ್ತೈತಿ. ಏನ್ ಮಾಡ್ಬೇಕ್ರಿ?

ಮಂಡ್ಯ ಕ್ಲಾಸಿಕ್: ಇದು ಬೇರೆ ಗ್ರೂಪಿಂದ ಬಂದಿದ್ದು, ಎಲ್ಲರಿಗೂ ಉಪಯೋಗ ಆಗುತ್ತೆ: "ಬ್ಯಾಟರಿ ಇಳಿದರೆ ಪ್ರತಿ ಸೆಲ್‌ಗೆ ಎರಡು ಆಸ್ಪಿರಿನ್ ಮಾತ್ರೆ ಹಾಕಿ. ಫ್ಯೂಸ್ ಪದೇ ಪದೇ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ. ಚಾರ್ಜಿಂಗ್ ನೋಡಲು ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ತೆಗೆಯಿರಿ, ಇಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ."

ಎಲೆಕ್ಟ್ರಿಷಿಯನ್: ಇದನ್ನ ಯಾರೂ ಮಾಡಬೇಡಿ. ಆಸ್ಪಿರಿನ್ ಆಸಿಡ್‌ನಲ್ಲಿ ಒಡೆದು ವಿನೆಗರ್‌ನ ಆಸಿಡ್ ಆಗುತ್ತೆ, ಅದು ಸೀಸದ ಪ್ಲೇಟ್ ತಿನ್ನುತ್ತೆ. ಬೆಳ್ಳಿ ಕಾಗದ ಸುತ್ತಿದ್ರೆ ಫ್ಯೂಸ್ ಬದಲು ವೈರು ಉರಿಯುತ್ತೆ. ಪದ್ಮಿನಿಯ 8 ಆಂಪಿಯರ್ ಪಿಂಗಾಣಿ ಫ್ಯೂಸ್ ಹೋಗ್ತಿದ್ರೆ ಎಲ್ಲೋ ಶಾರ್ಟ್ ಇದೆ ಅಂತ ಅದು ಹೇಳ್ತಿದೆ, ಹುಡುಕಿ. ಓಡೋ ಇಂಜಿನ್‌ನಲ್ಲಿ ಟರ್ಮಿನಲ್ ತೆಗೆದ್ರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಆಲ್ಟರ್ನೇಟರ್ ಡಯೋಡ್, ರೆಗ್ಯುಲೇಟರ್ ಸುಡುತ್ತೆ. ಚಾರ್ಜಿಂಗ್ ನೋಡೋಕೆ ಓಡೋ ಇಂಜಿನ್‌ನಲ್ಲಿ ಬ್ಯಾಟರಿ ಮೇಲೆ ಮೀಟರ್ ಇಡಿ, ಆಲ್ಟರ್ನೇಟರ್ ಆದ್ರೆ 13.8ರಿಂದ 14.4 ಬರಬೇಕು. ಅಷ್ಟೇ ಕೆಲಸ.

ಮಂಡ್ಯ ಕ್ಲಾಸಿಕ್: ಹಳೇ ಮೆಕ್ಯಾನಿಕ್‌ಗಳೆಲ್ಲ ಟರ್ಮಿನಲ್ ತೆಗೆದೇ ನೋಡ್ತಿದ್ರಲ್ಲ ಸರ್.

ಎಲೆಕ್ಟ್ರಿಷಿಯನ್: ಅವರು ನೋಡ್ತಿದ್ದಿದ್ದು ಡಯೋಡ್ ಇಲ್ಲದ ಡೈನಮೊ. ಅದರಲ್ಲೂ ಮಾಡಬಾರದು.

ಮಂಗಳೂರು ಹೆರಾಲ್ಡ್: ಸ್ಟ್ಯಾಂಡರ್ಡ್ ಹೆರಾಲ್ಡ್. ಇಪ್ಪತ್ತು ನಿಮಿಷ ಓಡಿದ ಮೇಲೆ ನಿಂತುಬಿಡುತ್ತೆ. ಅರ್ಧ ಗಂಟೆ ಬಿಟ್ಟು ಹೊಡೆದ್ರೆ ಸ್ಟಾರ್ಟ್. ಕಾರ್ಬ್ಯುರೇಟರ್ ಎರಡು ಸಲ ಕ್ಲೀನ್ ಆಯ್ತು.

ಎಲೆಕ್ಟ್ರಿಷಿಯನ್: ನಿಂತ ತಕ್ಷಣ, ತಣ್ಣಗಾಗೋಕೆ ಮೊದಲೇ ನೋಡಬೇಕು. ಪೆಟ್ರೋಲ್ ಸೋರಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಡಿಸ್ಟ್ರಿಬ್ಯೂಟರ್‌ನ ಮಧ್ಯದ ವೈರ್ ಕಿತ್ತು ಇನ್ಸುಲೇಷನ್ ಇರೋ ಇಕ್ಕಳದಲ್ಲಿ ಬ್ಲಾಕ್‌ನಿಂದ 6 ಮಿ.ಮೀ. ದೂರ ಹಿಡಿದು ಸೆಲ್ಫ್ ಹೊಡೆಸಿ. ಕಿಡಿ ನೀಲಿ, ಚಟ್ ಅಂತ ಬಂದ್ರೆ ತೊಂದರೆ ಪೆಟ್ರೋಲ್ ಕಡೆ. ಹಳದಿ, ಬಡಕಲು ಕಿಡಿ ಅಂದ್ರೆ ಕಾಯಿಲ್ ಅಥವಾ ಕಂಡೆನ್ಸರ್ (ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯೋದು). ಕಾಯಿಲ್‌ನ ಎರಡು ಸಣ್ಣ ವೈರ್ ತೆಗೆದು ಆ ಟರ್ಮಿನಲ್‌ಗಳ ಮಧ್ಯೆ ಓಮ್ ನೋಡಿ. ಕಾಯಿಲ್‌ಗೆ ಬೇರೆ ರೆಸಿಸ್ಟರ್ ಇಲ್ಲದ ಗಾಡಿಗೆ ಸುಮಾರು 3 ಓಮ್ ಬೇಕು. ಒಂದೂವರೆ ಓಮ್ ಕಾಯಿಲ್ ಹಾಕಿದ್ರೆ ಎರಡರಷ್ಟು ಕರೆಂಟ್ ಎಳೆದು ಕಾಯಿಲ್ ಸುಡುತ್ತೆ, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟೂ ತಿನ್ನುತ್ತೆ. ಮಾರೋರು ಬಾಕ್ಸ್ ನೋಡಿ ಕೊಡ್ತಾರೆ, ಓಮ್ ನೋಡಿ ಕೊಡಲ್ಲ. ಕಾಯಿಲ್ ಸರಿ ಇದ್ರೆ ಒಂದು ಒಳ್ಳೆ ಕಂಡೆನ್ಸರ್ ತಂದು, ಹಳೇದರ ವೈರ್ ಡಿಸ್ಟ್ರಿಬ್ಯೂಟರ್ ಒಳಗಡೆ ಬಿಡಿಸಿ, ಹೊಸದನ್ನು ಹೊರಗೇ ಕಟ್ಟಿ: ವೈರ್ ಕಾಯಿಲ್‌ನ ಪಾಯಿಂಟ್ ಕಡೆ ಟರ್ಮಿನಲ್‌ಗೆ, ಮೈ ಅರ್ತ್‌ಗೆ. ಗಾಡಿ ಓಡಿದ್ರೆ ಉತ್ತರ ಸಿಕ್ತು.

ಉಡುಪಿ ಅಂಬಿ: ಹೆಡ್‌ಲೈಟ್ ಮಂದ. 100/90 ವ್ಯಾಟ್ ಹ್ಯಾಲೊಜೆನ್ ಹಾಕ್ಸಲಾ?

ಎಲೆಕ್ಟ್ರಿಷಿಯನ್: ಬೇಡ. ಎರಡು ಬಲ್ಬಿಗೆ 200 ವ್ಯಾಟ್, ಸುಮಾರು 17 ಆಂಪಿಯರ್, ಅದು ಪೂರ್ತಿ ಹಳೇ ಲೈಟ್ ಸ್ವಿಚ್ ಮೂಲಕ ಹೋಗುತ್ತೆ. 60/55 ಹಾಕಿ, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್; 86, 85, 30, 87 ಅದರ ಕಾಲುಗಳ ನಂಬರ್) ಕೊಡಿ. ಹಳೇ ಹೈ ಬೀಮ್ ವೈರ್ ಒಂದರ 86ಕ್ಕೆ, ಡಿಪ್ ವೈರ್ ಇನ್ನೊಂದರ 86ಕ್ಕೆ, 85 ಅರ್ತ್, 30ಕ್ಕೆ ಸೆಲ್ಫ್‌ಗೆ ಕರೆಂಟ್ ಕೊಡೋ ಸ್ವಿಚ್ ಆದ ಸೊಲೆನಾಯ್ಡ್‌ನ ಬ್ಯಾಟರಿ ಕಡೆಯಿಂದ 20 ಆಂಪಿಯರ್ ಫ್ಯೂಸ್ ಹಾಕಿದ 2.5 ಚದರ ಮಿ.ಮೀ. ವೈರ್, 87 ಬಲ್ಬ್‌ಗೆ. ಬಲ್ಬಿನ ಅರ್ತ್ ವೈರೂ ಹೊಸದು.

ಶಿರಸಿ ವಿಂಟೇಜ್: ಇಷ್ಟೆಲ್ಲ ಯಾಕೆ? ಡೈನಮೊ ಕಿತ್ತು ಮಾರುತಿ 800 ಆಲ್ಟರ್ನೇಟರ್ ಹಾಕಿದ್ರೆ ತೀರ್ಥಹಳ್ಳಿಯವರದ್ದೂ ಉಡುಪಿಯವರದ್ದೂ ಒಟ್ಟಿಗೇ ಮುಗಿಯುತ್ತೆ.

ಮೈಸೂರು ಒರಿಜಿನಲ್: ಹಾಗಾದ್ರೆ ಹಳೇ ಗಾಡಿ ಯಾಕೆ ತಗೋಬೇಕು ಸ್ವಾಮಿ? ಮಾರುತಿನೇ ತಗೋಬಹುದಲ್ಲ. ಡೈನಮೊ 22 ಆಂಪಿಯರ್ ಕೊಡುತ್ತೆ, ಆ ಗಾಡಿಗೆ ಅಷ್ಟು ಸಾಕು.

ಶಿರಸಿ ವಿಂಟೇಜ್: ಮಳೆಗಾಲದ ರಾತ್ರಿ ಘಾಟಿಲಿ ವೈಪರ್, ಹೆಡ್‌ಲೈಟ್ ಒಟ್ಟಿಗೆ ಹಾಕಿ ಎರಡನೇ ಗೇರಲ್ಲಿ ಹತ್ತಿಸಿ ನೋಡಿ, ಸಾಕೋ ಬೇಕೋ ಗೊತ್ತಾಗುತ್ತೆ. ಶೋಗೆ ಮಾತ್ರ ಹೊರಗೆ ತೆಗೆಯೋರಿಗೆ ಇದು ತಿಳಿಯಲ್ಲ.

ಮೈಸೂರು ಒರಿಜಿನಲ್: ನನ್ನ ಗಾಡಿ ಎಲ್ಲೆಲ್ಲಿ ಓಡಿದೆ ಅಂತ ನಿಮಗೆ ಲೆಕ್ಕ ಕೊಡಬೇಕಾಗಿಲ್ಲ. ಎರಡನೇ ಗೇರಲ್ಲಿ ಇಂಜಿನ್ ಜೋರಾಗೇ ತಿರುಗುತ್ತೆ, ಡೈನಮೊ ಸೊರಗೋದು ಸಿಟಿ ಐಡಲ್‌ನಲ್ಲಿ. ಅದಾದ್ರೂ ಗೊತ್ತಿರಲಿ.

ಎಲೆಕ್ಟ್ರಿಷಿಯನ್: ಐಡಲ್ ವಿಷಯ ಮೈಸೂರಿನವರು ಹೇಳಿದ್ದು ಸರಿ. ಆಲ್ಟರ್ನೇಟರ್ ಹಾಕೋದು ತಪ್ಪಲ್ಲ. ಆದ್ರೆ ಗಾಡಿ ಪಾಸಿಟಿವ್ ಅರ್ತ್ ಇದ್ರೆ ಮೊದಲು ನೆಗೆಟಿವ್‌ಗೆ ತಿರುಗಿಸಬೇಕು, ಇಲ್ಲದಿದ್ರೆ ಕೊಟ್ಟ ಕ್ಷಣಕ್ಕೆ ಡಯೋಡ್ ಹೋಗುತ್ತೆ. ಹಳೇ ಕಂಟ್ರೋಲ್ ಬಾಕ್ಸನ್ನು ದಾರಿಯಿಂದ ತೆಗೀಬೇಕು, ಚಾರ್ಜಿಂಗ್ ವೈರ್ 6 ಚದರ ಮಿ.ಮೀ. ಎಳೀಬೇಕು. ಸುಟ್ಟ ವೈರಿಂಗ್ ಮೇಲೆ ಆಲ್ಟರ್ನೇಟರ್ ಕೂರಿಸಿದ್ರೆ ಬೆಂಕಿಗೆ ಇನ್ನಷ್ಟು ಆಂಪಿಯರ್ ಕೊಟ್ಟ ಹಾಗೆ.

ಕೋಲಾರ ಪದ್ಮಿನಿ: ಸರ್, ಬ್ಯಾಟರಿ ರಾತ್ರಿ ಇಳಿಯುತ್ತೆ, ಏನು ಮಾಡ್ಲಿ?

ಎಲೆಕ್ಟ್ರಿಷಿಯನ್: ನೆಗೆಟಿವ್ ಕ್ಲಾಂಪ್ ತೆಗೆದು, ಕಂಬಕ್ಕೂ ಕ್ಲಾಂಪ್‌ಗೂ ಮಧ್ಯೆ 12 ವೋಲ್ಟ್ ಬಲ್ಬ್ ಹಿಡಿಯಿರಿ. ಎಲ್ಲ ಆಫ್ ಇದ್ದೂ ಉರಿದ್ರೆ ಸೋರಿಕೆ ಇದೆ. ಫ್ಯೂಸ್ ಒಂದೊಂದೇ ತೆಗೆಯಿರಿ, ಯಾವುದಕ್ಕೆ ಆರುತ್ತೋ ಆ ಲೈನು. ಯಾವುದಕ್ಕೂ ಆರದಿದ್ರೆ ಆಲ್ಟರ್ನೇಟರ್ ವೈರ್ ತೆಗೆದು ನೋಡಿ.

ತುಮಕೂರು ಕಾಂಟೆಸ್ಸಾ: ನನ್ನದೂ ಬ್ಯಾಟರಿ ಇಳಿಯುತ್ತೆ ಸರ್.

ಎಲೆಕ್ಟ್ರಿಷಿಯನ್: ಮೇಲೆ ಓದಿ.

ಬೆಳಗಾವಿ ಜೀಪ್: ವೈಪರ್ ಬಗ್ಗೆ ಕೇಳಿದ್ದೆ ರೀ.

ಗದಗ ಅಂಬಿ: ರಾತ್ರಿ ಬ್ಯಾಟರಿ ಡೌನ್ ಆಗ್ತದ, ದೊಡ್ಡ ಬ್ಯಾಟರಿ ಹಾಕಿದ್ರ ಸರಿ ಆಗ್ತದೇನ್ರಿ?

ಎಲೆಕ್ಟ್ರಿಷಿಯನ್: ಆಗಲ್ಲ. ಮೇಲೆ ಎರಡು ಮೆಸೇಜ್‌ನಲ್ಲಿ ಇದೇ ಪ್ರಶ್ನೆ ಇದೆ. ಮೀಟರ್ ಅಥವಾ ಬಲ್ಬ್ ಹಿಡಿಯದೆ ಯಾರೂ ಯಾವ ಪಾರ್ಟೂ ತಗೋಬೇಡಿ.

ತೀರ್ಥಹಳ್ಳಿ ಮಾರ್ಕ್ 2: ಸರ್, ನೀವು ಹೇಳಿದ ಹಾಗೆ ಮಾಡಿದೆ. ಕಟ್‌ಔಟ್ ಅಂಟಿತ್ತು, ಎತ್ತಿದಾಗ ಬಿಡ್ತು, ಒಂದು ಕಡೆ ಗುಂಡಿ ಬಿದ್ದಿದೆ. ಡೈನಮೊ 4.5 ವೋಲ್ಟ್ ದಾಟಲಿಲ್ಲ. ಎಫ್ ಟರ್ಮಿನಲ್‌ನಿಂದ ಮೈಗೆ 6 ಓಮ್. ಡಿ ವೈರ್ ಮೇಲಿನ ಬಟ್ಟೆ ಕಪ್ಪಾಗಿ ಮುಟ್ಟಿದ್ರೆ ಉದುರುತ್ತೆ.

ಎಲೆಕ್ಟ್ರಿಷಿಯನ್: ಓಮ್ ನೋಡಿದ್ದು ಒಳ್ಳೇದಾಯ್ತು. ಫೀಲ್ಡ್ ಸರಿ ಇದೆ, ಆರ್ಮೇಚರ್ ಸುಟ್ಟಿದೆ. ರಿವೈಂಡಿಂಗ್ ಮಾಡಿಸಿ, ಅಥವಾ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬ್ರಷ್ ತಾಗೋ ಕಮ್ಯುಟೇಟರ್‌ನ ತಾಮ್ರದ ಪಟ್ಟಿಗಳ ಮಧ್ಯದ ಮೈಕಾ ತಾಮ್ರಕ್ಕಿಂತ ಕೆಳಗೆ ಕೊರೆದಿರಬೇಕು, ಕೊಡೋಕೆ ಮೊದಲೇ ಹೇಳಿ. ಕಂಟ್ರೋಲ್ ಬಾಕ್ಸ್ ಬದಲಿಸಿ. ಉದುರೋ ವೈರಿಗೆ ಟೇಪ್ ಸುತ್ತಬೇಡಿ. ಡೈನಮೊದಿಂದ ಬಾಕ್ಸ್, ಬಾಕ್ಸ್‌ನಿಂದ ಸೊಲೆನಾಯ್ಡ್ ತನಕ ದಪ್ಪ ವೈರ್ ಹೊಸದು ಎಳೆಯಿರಿ, 4 ಚದರ ಮಿ.ಮೀ. ಸಾಕು. ಪಕ್ಕದ ವೈರುಗಳನ್ನು ಬಿಡಿಸಿ ಒಂದೊಂದೇ ಬಗ್ಗಿಸಿ ನೋಡಿ, ಗರಿಗರಿ ಆಗಿದ್ದನ್ನೆಲ್ಲ ತೆಗೆಯಿರಿ. ಬಣ್ಣ ನಂಬಬೇಡಿ, ಹಿಂದಿನವರು ಸಿಕ್ಕ ಬಣ್ಣ ಹಾಕಿರ್ತಾರೆ, ಮೀಟರಲ್ಲಿ ಎರಡೂ ತುದಿ ನೋಡಿ ಗುರುತು ಕಟ್ಟಿ. ಸೊಲೆನಾಯ್ಡ್‌ನಿಂದ ಬಾಕ್ಸ್‌ಗೆ ಹೋಗೋ ವೈರಿನಲ್ಲಿ, ಸೊಲೆನಾಯ್ಡ್ ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್ ಹಾಕಿ.

ಮೈಸೂರು ಒರಿಜಿನಲ್: ಆ ಒಂದು ಫ್ಯೂಸ್ ರಾತ್ರಿ ಹೋದ್ರೆ ಹೆಡ್‌ಲೈಟ್ ಸಮೇತ ಎಲ್ಲ ಕತ್ತಲು. ಕಂಪನಿಯವರು ಯೋಚಿಸಿಯೇ ಹಾಕಿಲ್ಲ. ಇಷ್ಟೂ ತಿಳಿಯದೆ ಸಲಹೆ ಕೊಟ್ರೆ ಹೇಗೆ?

ಎಲೆಕ್ಟ್ರಿಷಿಯನ್: ಅದಕ್ಕೇ ಉಡುಪಿಯವರಿಗೆ ಹೆಡ್‌ಲೈಟ್ ಫೀಡ್ ಬೇರೆಯಾಗಿ ಸೊಲೆನಾಯ್ಡ್‌ನಿಂದ ತಗೊಳ್ಳೋಕೆ ಹೇಳಿದ್ದು. ಹೈ ಬೀಮ್, ಡಿಪ್ ರಿಲೇಗಳಿಗೆ ಬೇರೆ ಬೇರೆ ಫ್ಯೂಸ್, ರಿಲೇ 86ಕ್ಕೆ ಹೋಗೋ ಲೈಟ್ ಸ್ವಿಚ್‌ಗೆ 5 ಆಂಪಿಯರ್‌ನ ಇನ್ನೊಂದು ಫ್ಯೂಸ್ ಸೊಲೆನಾಯ್ಡ್‌ನಿಂದಲೇ. ಆಗ ಮುಖ್ಯ ಫ್ಯೂಸ್ ಹೋದ್ರೂ ಇಂಜಿನ್ ನಿಲ್ಲಬಹುದು, ದಾರಿ ಕಾಣುತ್ತೆ. ಓದಿ ಮಾತಾಡಿ.

ತೀರ್ಥಹಳ್ಳಿಯವರೇ, ಡೈನಮೊ ವಾಪಸ್ ಬಂದಾಗ ಇದೊಂದು ಮರೀಬೇಡಿ. ಗಾಡಿಗೆ ಕೂರಿಸಿ, ಎಫ್ ವೈರ್ ಕೊಡೋಕೆ ಮೊದಲು, ಬ್ಯಾಟರಿಯ ಅರ್ತ್ ಆಗದ ಕಂಬದಿಂದ ಒಂದು ವೈರ್ ತಂದು ಡೈನಮೊದ ಎಫ್ ಟರ್ಮಿನಲ್‌ಗೆ ಎರಡು ಮೂರು ಸಲ ತಟ್ಟಿ ತೆಗೆಯಿರಿ. ಸಣ್ಣ ಕಿಡಿ ಬರುತ್ತೆ. ಇದು ಡೈನಮೊಗೆ ನಿಮ್ಮ ಗಾಡಿಯ ಪೋಲಾರಿಟಿ ಕೂರಿಸೋ ಕೆಲಸ. ಇದನ್ನು ಬಿಟ್ರೆ ಡೈನಮೊ ತಿರುಗುಮುರುಗಾಗಿ ಚಾರ್ಜ್ ಮಾಡೋಕೆ ಹೋಗಿ ಹೊಸ ಕಟ್‌ಔಟ್ ಮೊದಲ ದಿನವೇ ಅಂಟುತ್ತೆ. ಎಫ್ ವೈರ್ ಸಿಕ್ಕಿಸಿಟ್ಟು ತಟ್ಟಬೇಡಿ, ರೆಗ್ಯುಲೇಟರ್ ಪಾಯಿಂಟ್ ಸುಡುತ್ತೆ.

ತೀರ್ಥಹಳ್ಳಿ ಮಾರ್ಕ್ 2: ಬರ್ಕೊಂಡೆ ಸರ್. ಅಲ್ಲಿವರೆಗೆ ಬ್ಯಾಟರಿ ಮಾತ್ರ ಚಾರ್ಜ್ ಮಾಡ್ಕೊಂಡು ಪೇಟೆ ತನಕ ಓಡಿಸಬಹುದಾ?

ಎಲೆಕ್ಟ್ರಿಷಿಯನ್: ಆ ಉದುರೋ ವೈರ್ ತೆಗೆಯೋವರೆಗೂ ಬೇಡ.