ಬೆದರಿಕೆ ಕರೆಯ ದನಿ ಅವರದ್ದೇ ಅಂತ ತೋರಿಸೋದು ಹೇಗೆ?

ಪ್ರಶ್ನೆ (ಸಕಲೇಶಪುರ): ತೋಟದ ಗಡಿ ತಗಾದೆ. "ಬೇಲಿ ಕಿತ್ತಾಕ್ತೀನಿ, ಏನ್ ಮಾಡ್ತೀಯೋ ಮಾಡ್ಕೋ" ಅಂತ ಬಂದ ಕರೆಯ 22 ಸೆಕೆಂಡಿನ ರೆಕಾರ್ಡಿಂಗ್ ನನ್ನ ಮೊಬೈಲಲ್ಲಿದೆ. ಪೊಲೀಸರಿಗೆ ದೂರು ಕೊಟ್ಟಾಗಿದೆ. ಪಕ್ಕದ ತೋಟದವರು ತಮ್ಮ ದನಿ ಅಲ್ಲ ಅಂತಾರೆ. ಮಾತಿನ ಧಾಟಿ ಪೂರ್ತಿ ಅವರದ್ದೇ. ಸ್ಪೀಕರಿಗೆ ಹಾಕಿ ಇನ್ನೊಂದು ಫೋನಲ್ಲಿ ರೆಕಾರ್ಡ್ ಮಾಡಿ ವಕೀಲರಿಗೆ ಕಳಿಸಿದ್ದೀನಿ. ಸಾಕಾ ಸರ್?

ಉತ್ತರ: ಸಾಲದು. ಆ ಎರಡನೇ ರೆಕಾರ್ಡಿಂಗಿನಲ್ಲಿ ಕೋಣೆಯ ಪ್ರತಿಧ್ವನಿಯೂ ಸ್ಪೀಕರಿನ ಕರ್ಕಶವೂ ಸೇರಿಕೊಂಡಿರುತ್ತೆ. ಕರೆ ರೆಕಾರ್ಡ್ ಆದ ಮೊಬೈಲನ್ನೇ ಇಟ್ಟುಕೊಳ್ಳಿ. ಫೈಲನ್ನು ಕತ್ತರಿಸೋದು, ಸದ್ದು ಏರಿಸೋದು, "ಕ್ಲೀನ್" ಮಾಡೋದು ಯಾವುದೂ ಬೇಡ. ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೋರ್ಟಿಗೆ ಕೊಡೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್, ಅಂದ್ರೆ ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು, ಬರೀಬೇಕು. ಒಂದು ಕಡೆ ಚೂರು ಕತ್ತರಿಸಿದರೂ ಹ್ಯಾಶ್ ಬೇರೆಯೇ ಬರುತ್ತೆ.

ಧಾಟಿಯ ಮಾತು. "ಕಿತ್ತು ಹಾಕ್ತೀನಿ" ಅನ್ನೋದು "ಕಿತ್ತಾಕ್ತೀನಿ" ಆಗೋದು, ಹಕಾರ ಬಿಡೋದು ನಿಮ್ಮ ಸೀಮೆಯ ಸಾವಿರಾರು ಜನರಲ್ಲಿದೆ. ಊರು ಗೊತ್ತಾಗುತ್ತೆ, ಆಳು ಗೊತ್ತಾಗಲ್ಲ. ದನಿ ಪರೀಕ್ಷಿಸೋ ವಿಧಿವಿಜ್ಞಾನ ಪ್ರಯೋಗಾಲಯದವರು ಕಿವಿಗೊಟ್ಟು ಕೇಳೋದರ ಜೊತೆಗೆ ಸ್ವರಗಳ ಫಾರ್ಮೆಂಟು (ಬಾಯಿ-ಗಂಟಲಿನ ಆಕಾರದಿಂದ ದನಿ ಗಟ್ಟಿಯಾಗಿ ಮೊಳಗುವ ಕಂಪನಾಂಕಗಳು), ದನಿಯ ಏರಿಳಿತ, ಸಕಾರದ ಉಚ್ಚಾರ, ತಡವರಿಸುವ ರೀತಿ ಎಲ್ಲ ನೋಡ್ತಾರೆ. ಇಲ್ಲೊಂದು ತೊಡಕಿದೆ. ಹಳೇ ನೆಟ್‌ವರ್ಕಿನ ಕರೆಯಲ್ಲಿ ಉಳಿಯೋದು ಸುಮಾರು 300ರಿಂದ 3400 ಹರ್ಟ್ಸ್. "ತೀನಿ"ಯಲ್ಲಿರೋ ಈಕಾರದ ಮೊದಲ ಫಾರ್ಮೆಂಟು ಗಂಡಸರಲ್ಲಿ 300ರ ಆಸುಪಾಸಲ್ಲೇ ಇರೋದರಿಂದ ಅಳತೆ ನಿಜಕ್ಕಿಂತ ಮೇಲೆ ಕಾಣುತ್ತೆ. ಹಾಗಾಗಿ ಕರೆಯನ್ನ ಆ ವ್ಯಕ್ತಿಯಿಂದ ಸ್ಟುಡಿಯೋದಲ್ಲಿ ತಗೊಂಡ ದನಿಯ ಮಾದರಿಗೆ ಹೋಲಿಸಿದರೆ ಒಂದೇ ಆಳು ಇಬ್ಬರಾಗಿ ಕಾಣಬಹುದು. ಮಾದರಿಯನ್ನೂ ಫೋನಿನ ಮೂಲಕವೇ ತಗೊಂಡರೆ ವಾಸಿ.

ಪ್ರಶ್ನೆ: ಮಾದರಿ ಕೊಡಲ್ಲ ಅಂದ್ರೆ?

ಉತ್ತರ: ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. 2019ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಒಪ್ಪಿತ್ತು, ಈಗ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ) 349ನೇ ಕಲಮಿನಲ್ಲೇ ಇದೆ. ಆದರೆ ಬೆದರಿಕೆಯ ವಾಕ್ಯವನ್ನೇ ಓದಿಸೋ ಹಾಗಿಲ್ಲ. ಅದರ ಪದಗಳನ್ನ ಬೇರೆ ವಾಕ್ಯಗಳಲ್ಲಿ ಸೇರಿಸಿ ಓದಿಸಬಹುದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದ ನೋಡಿ ಓದುವಾಗ "ಮಾಡ್ತೀಯೋ" ಹೋಗಿ "ಮಾಡುತ್ತೀಯೋ" ಬಂದುಬಿಡುತ್ತೆ, ಅದಕ್ಕೇ ಸಲೀಸಾಗಿ ಮಾತಾಡಿಸಿದ ಭಾಗವೂ ಬೇಕು. ಕೂಗಾಡಿದ ಕರೆಗೆ ತಣ್ಣಗೆ ಓದಿದ ಮಾದರಿ ಹೊಂದಲ್ಲ. ಸಿಟ್ಟಿನಲ್ಲಿ ದನಿಯ ಶ್ರುತಿ ಏರಿರುತ್ತೆ.

ಪ್ರಶ್ನೆ: ಅವರ ತಮ್ಮನ ದನಿಯೂ ಹಾಗೇ ಇದೆ ಸರ್.

ಉತ್ತರ: ಹಂಗಾದ್ರೆ ತಮ್ಮನ ಮಾದರಿಯೂ ಬೇಕು ಅಂತ ತನಿಖಾಧಿಕಾರಿಗೆ ಈಗಲೇ ಬರೆದುಕೊಡಿ. ಎರಡು ದನಿ ಹೋಲುತ್ತವೆ ಅನ್ನೋದು ಅರ್ಧ ಲೆಕ್ಕ. ಆ ಹೋಲಿಕೆ ಬೇರೆಯವರಲ್ಲಿ ಎಷ್ಟು ಅಪರೂಪ ಅನ್ನೋದು ಇನ್ನರ್ಧ. 22 ಸೆಕೆಂಡಿನಲ್ಲಿ ನಿಮ್ಮ ಮಾತು, ಮೌನ ಕಳೆದರೆ ಅವರದ್ದು ಎಷ್ಟು ಉಳಿಯುತ್ತೆ, ಎಣಿಸಿ ನೋಡಿ. ಏಳೆಂಟು ಸೆಕೆಂಡೇ ಆದರೆ "ಅಭಿಪ್ರಾಯ ಕೊಡಲಾಗದು" ಅಂತ ವರದಿ ಬಂದರೂ ಬರಬಹುದು. ಅದೇ ವ್ಯಕ್ತಿಯ ಬೇರೆ ಕರೆಗಳ ರೆಕಾರ್ಡಿಂಗ್ ನಿಮ್ಮ ಫೋನಿನಲ್ಲಿದ್ದರೆ ಅಳಿಸಬೇಡಿ.