ಬರ್ಲಿನ್‌ನಲ್ಲಿ ಸಸ್ಯಾಹಾರಿ ಅತ್ತೆ-ಮಾವನನ್ನು ಟರ್ಕಿ ಹೋಟೆಲಿಗೆ ಕರೆದುಕೊಂಡು ಹೋಗಬಹುದಾ?

ಹಾಸನದ ಸೊಸೆ: ಮುಂದಿನ ತಿಂಗಳು ಅತ್ತೆ-ಮಾವ ಬರ್ಲಿನ್‌ಗೆ ಬರುತ್ತಿದ್ದಾರೆ. ಇಬ್ಬರೂ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಗೆ ತಕರಾರಿಲ್ಲ. ನನ್ನ ಗಂಡ, ನಾದಿನಿ ನಾನ್‌ವೆಜ್ ತಿನ್ನುತ್ತಾರೆ. ಮಾವನ ಹುಟ್ಟುಹಬ್ಬಕ್ಕೆ ಎಲ್ಲರೂ ಹೊರಗೆ ಊಟ ಮಾಡೋಣ ಅಂತ ಇದೆ. ಗಂಡ ಕ್ರಾಯ್ಟ್ಸ್‌ಬರ್ಗ್ ಕಡೆಯ ಟರ್ಕಿ ಹೋಟೆಲ್ ಅನ್ನುತ್ತಾರೆ. ಹಿರಿಯರು ಅಲ್ಲಿ ನೆಮ್ಮದಿಯಾಗಿ ಊಟ ಮಾಡುತ್ತಾರಾ? ಹೋಗಿ ಬಂದವರು ಹೇಳಿ.

ತುಂಗಾತೀರ: ದಯವಿಟ್ಟು ಬೇಡ. ಬಾಗಿಲಲ್ಲೇ ಮಾಂಸದ ಕಂಬ ಸುತ್ತುತ್ತಿರುತ್ತದೆ. ಒಳಗೆ ಹೋದರೆ ಕೊಬ್ಬು ಸುಟ್ಟ ಹೊಗೆ. ವಯಸ್ಸಾದವರಿಗೆ ಆ ವಾಸನೆಗೇ ಊಟ ಸೇರುವುದಿಲ್ಲ. ಹುಟ್ಟುಹಬ್ಬದ ದಿನ ಅವರು ಬ್ರೆಡ್ಡು, ಸಲಾಡ್ ತಿಂದು ಎದ್ದು ಬರಬೇಕಾ? ಸುಮ್ನೆ ಒಂದು ಇಂಡಿಯನ್ ಹೋಟೆಲ್ ನೋಡಿ.

ಬರ್ಲಿನ್ ಬಸವ: ತುಂಗಾತೀರ ಅವರೇ, ನೀವು ಹೇಳುತ್ತಿರುವುದು ಡೋನರ್ ಅಂಗಡಿಯ ಮಾತು, ಅಂದರೆ ಆ ಸುತ್ತುವ ಕಂಬದಿಂದ ಮಾಂಸ ಹೆರೆದು ಕೊಡುವ ಅಂಗಡಿ. ಅದನ್ನೇ ಟರ್ಕಿ ಊಟ ಅಂದರೆ ಅನ್ಯಾಯ. 1961ರಲ್ಲಿ ಪಶ್ಚಿಮ ಜರ್ಮನಿ ಮತ್ತು ಟರ್ಕಿ ನಡುವೆ ಕೆಲಸಗಾರರ ಒಪ್ಪಂದ ಆಯಿತು. ಆಮೇಲೆ ಬಂದವರಲ್ಲಿ ಬಹಳ ಜನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ನೆಲೆ ನಿಂತರು. ಬ್ರೆಡ್ಡಿಗೆ ತುಂಬಿ ಕೈಗೆ ಕೊಡುವ ಡೋನರ್ ಇಲ್ಲಿ ಹೆಸರು ಮಾಡಿದ್ದು 1970ರ ದಶಕದಲ್ಲಿ. ನಿಂತಲ್ಲೇ ತಿಂದು ಓಡುವವರಿಗೆ ಅದು. ಕೂತು ಉಣ್ಣುವ ಹೋಟೆಲುಗಳು ಬೇರೆ.

ಅದರಲ್ಲೂ ಎರಡು ಬಗೆ. 'ಒಜಾಕ್‌ಬಾಶಿ' ಅಂದರೆ ಕೆಂಡದ ಒಲೆ ಹೋಟೆಲಿನ ನಡುವೆಯೇ ಇರುತ್ತದೆ. ಮೇಲೆ ದೊಡ್ಡ ತಾಮ್ರದ ಹೊಗೆಗೂಡು. ಅಲ್ಲಿಗೆ ಅತ್ತೆ-ಮಾವನನ್ನು ಕರೆದೊಯ್ಯಬೇಡಿ, ಇದನ್ನು ಒಪ್ಪುತ್ತೇನೆ. ಆದರೆ ಮನೆ ಅಡುಗೆಯ ಹೋಟೆಲುಗಳಿವೆ, ಮೆಜೆ ಅಂದರೆ ಸಣ್ಣ ಸಣ್ಣ ತಟ್ಟೆಗಳಲ್ಲಿ ಬಗೆಬಗೆಯ ತಿನಿಸು ಕೊಡುವ ಹೋಟೆಲುಗಳಿವೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನೋಡಿ, ಬೆರಳು ತೋರಿಸಿ ಆರಿಸಬಹುದು. ಬದನೆಕಾಯಿ, ಬೀನ್ಸ್, ಕಡಲೆಯ ಹುಮ್ಮುಸ್, ಪುದೀನ ಹಾಕಿದ ಗಟ್ಟಿ ಮೊಸರಿನ ಹೈದರಿ, ಟೊಮೆಟೊ-ಮೆಣಸಿನಕಾಯಿಯ ಖಾರದ ಎಜ್ಮೆ. ಅರ್ಧಕ್ಕಿಂತ ಜಾಸ್ತಿ ಮಾಂಸವಿಲ್ಲದವೇ ಇರುತ್ತವೆ.

ಮಂಡ್ಯದ ಹೈದ: ಒಜಾಕ್‌ಬಾಶಿ ಬೇಡ ಅಂದುಬಿಟ್ಟರೆ ಹೇಗೆ ಗುರುಗಳೇ? ಗಂಡ, ನಾದಿನಿಗೆ ಆಸೆ ಇರಲ್ವಾ? ಅದಾನಾ ಕಬಾಬ್ ಮಾಡುವುದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಕುರಿಮಾಂಸವನ್ನು ಮಷೀನಿಗೆ ಹಾಕದೆ, ಬಾಗಿದ ದೊಡ್ಡ ಕತ್ತಿಯಲ್ಲಿ ಕೈಯಲ್ಲೇ ಕೊಚ್ಚುತ್ತಾರೆ. ಬಾಲದ ಕೊಬ್ಬು, ಕೆಂಪು ಮೆಣಸು ಸೇರಿಸಿ ಅಗಲದ ಕಬ್ಬಿಣದ ಸರಳಿಗೆ ಬೆರಳಲ್ಲಿ ಒತ್ತುತ್ತಾರೆ. ಕೊಬ್ಬು ಇಳಿಯತೊಡಗಿದಾಗ ಲವಾಶ್ ರೊಟ್ಟಿಯನ್ನು ಮೇಲೆ ಒತ್ತಿ ಆ ರಸ ಹೀರಿಸುತ್ತಾರೆ. ಅದನ್ನು ತಿನ್ನುವುದಕ್ಕೇ ಒಂದು ದಿನ ಬೇರೆ ಇಡಬೇಕು. ಹಿರಿಯರ ಜೊತೆ ಅದನ್ನು ಬೆರೆಸಬೇಡಿ. ಎರಡು ದಿನ ಎರಡು ಹೋಟೆಲ್ ಮಾಡಿ.

ಗದಗಿನ ಗೆಳೆಯ: ಬಸವ ಅವರು ಸರಿ ಹೇಳಿದ್ದಾರೆ, ಆದರೆ ಮುಖ್ಯವಾದದ್ದು ಬಿಟ್ಟಿದ್ದಾರೆ. ಕಣ್ಣಿಗೆ ಕಾಣುವ ಮಾಂಸ ತೊಂದರೆ ಅಲ್ಲ. ಕಾಣದ್ದೇ ತೊಂದರೆ. ಕೆಂಪು ಬೇಳೆಯ ಸೂಪ್ ನಮ್ಮವರಿಗೆ ತುಂಬಾ ಹಿಡಿಸುತ್ತದೆ. ಮೇಲೆ ಕೆಂಪು ಮೆಣಸಿನ ಬೆಣ್ಣೆ, ಪಕ್ಕದಲ್ಲಿ ನಿಂಬೆ ಹೋಳು. ಎಷ್ಟೋ ಕಡೆ ಅದನ್ನು ಎಲುಬಿನ ನೀರಲ್ಲಿ ಬೇಯಿಸುತ್ತಾರೆ. ಅನ್ನವನ್ನೂ ಕೋಳಿ ಬೇಯಿಸಿದ ನೀರಲ್ಲಿ ಮಾಡುವುದುಂಟು. 'ವೆಜಿಟೇರಿಯನ್ನಾ?' ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ, ಯಾಕೆಂದರೆ ತುಂಡು ಇಲ್ಲವಲ್ಲ. ಸುಳ್ಳು ಹೇಳುವ ಉದ್ದೇಶ ಅವರಿಗಿರುವುದಿಲ್ಲ. 'ಎತ್ ಸುಯು ವಾರ್ ಮಿ?' ಅಂತಲೇ ಕೇಳಿ. ಮಾಂಸದ ನೀರು ಹಾಕಿದ್ದೀರಾ ಅಂತ ಅರ್ಥ. ಆಗ ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ.

ತುಂಗಾತೀರ: ನೋಡಿ, ನಾನು ಹೇಳಿದ್ದೂ ಇದನ್ನೇ. ಊಟಕ್ಕೆ ಕೂತ ಮೇಲೆ ಒಂದೊಂದು ತಟ್ಟೆಗೂ ವಿಚಾರಣೆ ಮಾಡುವ ಸ್ಥಿತಿ. ಮಾವ ಅದನ್ನು ನೋಡಿದರೆ ಅರ್ಧ ಊಟ ಬಿಡುತ್ತಾರೆ. ಬಿಳಿ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. ಪಿಡೆ ರೊಟ್ಟಿಯ ಮೇಲೆ ಮೊಟ್ಟೆ ಸವರಿರಬಹುದು. ಬಕ್ಲಾವಾ ಅನ್ನುವ ಪದರ ಪದರದ ಸಿಹಿಯ ಹಿಟ್ಟಿಗೂ ಮೊಟ್ಟೆ ಹಾಕುವುದುಂಟು.

ಕರಾವಳಿ ಹುಡುಗಿ: ಅಕ್ಕಾ, ಭಯ ಬೇಡ. ಒಂದು ಗುಟ್ಟು ಹೇಳುತ್ತೇನೆ. ಟರ್ಕಿಯವರಲ್ಲಿ 'ಜೆಯ್ತಿನ್‌ಯಾಲಿ' ಅಂತ ಒಂದು ದೊಡ್ಡ ವರ್ಗವೇ ಇದೆ. ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನಕ್ಕೆ ಬೇಯಿಸಿ, ಆರಿಸಿ, ತಣ್ಣಗೆ ಬಡಿಸುತ್ತಾರೆ. ಇದರಲ್ಲಿ ಮಾಂಸ ಹಾಕುವ ಪದ್ಧತಿ ಇಲ್ಲ. ಬೆಣ್ಣೆ, ಕೊಬ್ಬು ತಣ್ಣಗಾದರೆ ಗಟ್ಟಿಯಾಗುತ್ತದೆ, ಆಲಿವ್ ಎಣ್ಣೆ ಆಗುವುದಿಲ್ಲ. ಅದಕ್ಕೇ ಹೀಗೆ. ದ್ರಾಕ್ಷಿ ಎಲೆ ಸುರುಳಿ ತಣ್ಣಗಿದ್ದರೆ ಒಳಗೆ ಅನ್ನ, ಒಣದ್ರಾಕ್ಷಿ, ಪೈನ್ ಬೀಜ. ಬಿಸಿಯಾಗಿ ಬಂದರೆ ಒಳಗೆ ಕೊಚ್ಚಿದ ಮಾಂಸ ಇರುವುದೇ ಹೆಚ್ಚು.

ಬದನೆಕಾಯಲ್ಲಿ ಮಾತ್ರ ಹುಷಾರು. 'ಇಮಾಮ್ ಬಾಯಿಲ್ದಿ', 'ಕಾರ್ನಿಯಾರಿಕ್' ಎರಡೂ ನೋಡಲು ಅವಳಿ ಮಕ್ಕಳ ಹಾಗೆ. ಬದನೆಕಾಯಿಯ ಹೊಟ್ಟೆ ಸೀಳಿ ತುಂಬಿರುತ್ತಾರೆ. ಮೊದಲನೆಯದರಲ್ಲಿ ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ. ಎರಡನೆಯದರಲ್ಲಿ ಕೀಮಾ. ಇಮಾಮ್ ಬಾಯಿಲ್ದಿಯನ್ನು ಎಣ್ಣೆಯಲ್ಲಿ ಅದ್ದಿದ ಬ್ರೆಡ್ ಜೊತೆ ತಿಂದರೆ ನಿಮ್ಮ ಅತ್ತೆ ಅದರ ಅಡುಗೆ ವಿಧಾನ ಕೇಳದೆ ಬಿಡಲ್ಲ.

ಗದಗಿನ ಗೆಳೆಯ: ಈ ತಣ್ಣಗೆ-ಬಿಸಿ ಲೆಕ್ಕ ಚೆನ್ನಾಗಿದೆ. ಸಿಹಿಗೆ 'ಸುತ್ಲಾಚ್' ಹೇಳಿ. ಅಕ್ಕಿ ಪಾಯಸದ ಮೇಲ್ಭಾಗವನ್ನು ಓವನ್‌ನಲ್ಲಿ ಕಂದು ಮಾಡಿರುತ್ತಾರೆ. ಕೆಲವು ಕಡೆ ಅದಕ್ಕೂ ಮೊಟ್ಟೆಯ ಹಳದಿ ಹಾಕುತ್ತಾರೆ, ಕೇಳಿಕೊಳ್ಳಿ.

ಮಂಡ್ಯದ ಹೈದ: ಇಷ್ಟೆಲ್ಲ ರಗಳೆ ಬೇಡ ಅಂದರೆ ಫಲಾಫೆಲ್ ತಿನ್ನಿಸಿ, ಕಡಲೆ ವಡೆ ತರಹ ಇರುತ್ತೆ.

ಬರ್ಲಿನ್ ಬಸವ: ಫಲಾಫೆಲ್ ಅರಬ್ಬರದ್ದು, ಟರ್ಕಿಯದ್ದಲ್ಲ. ನೊಯ್‌ಕೋಲ್ನ್‌ನ ಸೊನ್ನೆನ್‌ಅಲೆ ರಸ್ತೆಗೆ ಹೋದರೆ ಒಳ್ಳೆಯದು ಸಿಗುತ್ತದೆ. ಅದು ಇನ್ನೊಂದು ದಿನದ ಊಟ.

ತುಂಗಾತೀರ ಅವರಿಗೆ ಒಂದು ಮಾತು. ಇಂಡಿಯನ್ ಹೋಟೆಲಿನಲ್ಲಿ ಕೋಳಿ, ಕುರಿ ಬೇಯುವುದಿಲ್ವಾ? ಅಲ್ಲೂ ಅಡುಗೆಮನೆ ಒಂದೇ. ಬೇರೆ ಪಾತ್ರೆ ಬೇಕು ಅನ್ನುವ ಹಿರಿಯರಾದರೆ ಎರಡೂ ಬೇಡ, ಮನೆಯಲ್ಲೇ ಹಬ್ಬದಡುಗೆ ಮಾಡಲಿ. ಹಾಗಿಲ್ಲದಿದ್ದರೆ ಏಳು ಸಮುದ್ರ ದಾಟಿ ಬಂದವರಿಗೆ ಊರಲ್ಲಿ ಸಿಗುವ ಪನೀರ್ ಬಟರ್ ಮಸಾಲವನ್ನೇ ಯಾಕೆ ತಿನ್ನಿಸಬೇಕು? ಈ ಊರಲ್ಲಿ ಅರವತ್ತು ವರ್ಷದಿಂದ ಬೇರು ಬಿಟ್ಟಿರುವ ಅಡುಗೆ ಇದು. ಬರ್ಲಿನ್ ನೋಡುವುದು ಅಂದರೆ ಇದನ್ನೂ ನೋಡಬೇಕಲ್ವಾ?

ತುಂಗಾತೀರ: ಅಡುಗೆಮನೆಯ ಮಾತು ಒಪ್ಪುತ್ತೇನೆ. ಆದರೆ ಪಕ್ಕದ ಮೇಜಿನಲ್ಲಿ ಕುರಿಯ ಪಕ್ಕೆಲುಬು ಇಟ್ಟುಕೊಂಡು ತಿನ್ನುವವರ ನಡುವೆ ನಮ್ಮ ಹಿರಿಯರನ್ನು ಕೂರಿಸುವುದು ಇಂದಿಗೂ ನನಗೆ ಸರಿ ಅನಿಸುವುದಿಲ್ಲ. ಅವರನ್ನು ಮೊದಲೇ ಕೇಳಿ. ಮಗ-ಸೊಸೆಗೆ ಬೇಸರ ಆಗಬಾರದು ಅಂತ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ.

ಹಾಸನದ ಸೊಸೆ: ಎಲ್ಲರಿಗೂ ಧನ್ಯವಾದ. ತುಂಗಾತೀರ ಅವರು ಹೇಳಿದ ಹಾಗೆ ಇವತ್ತೇ ಅತ್ತೆಗೆ ಫೋನ್ ಮಾಡಿ ಕೇಳಿದೆ. 'ಸುಡುವ ಒಲೆ ಎದುರಿಗೆ ಬೇಡ, ಮಿಕ್ಕಿದ್ದು ನಡೆಯುತ್ತೆ' ಅಂದರು. ಹಾಗಾಗಿ ಮೆಜೆ ಹೋಟೆಲ್. ಗಂಡ, ನಾದಿನಿ ಕಬಾಬಿಗೆ ಇನ್ನೊಂದು ದಿನ ಹೋಗುತ್ತಾರಂತೆ. ಒಂದು ಸಂದೇಹ, ಊಟ ಆದ ಮೇಲೆ ಚಹಾ ಸಿಗುತ್ತಾ? ಮಾವನಿಗೆ ಅದಿಲ್ಲದೆ ಆಗದು.

ಕರಾವಳಿ ಹುಡುಗಿ: ಸಿಗುತ್ತೆ ಅಕ್ಕಾ, ಬಹಳ ಕಡೆ ದುಡ್ಡೂ ತಗೊಳ್ಳಲ್ಲ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ, ಸಕ್ಕರೆ ತುಂಡಿನ ಜೊತೆ ಬರುತ್ತೆ. ಹಾಲು ಹಾಕಲ್ಲ, ಇದನ್ನು ಮಾವನಿಗೆ ಮೊದಲೇ ಹೇಳಿಡಿ. ಶುಕ್ರವಾರ, ಶನಿವಾರ ಸಂಜೆ ಜಾಗ ಸಿಗುವುದು ಕಷ್ಟ. ಮೇಜು ಬುಕ್ ಮಾಡಲು ಫೋನ್ ಮಾಡುತ್ತೀರಲ್ಲ, ಸೂಪಿನ ನೀರು, ಮೊಟ್ಟೆ ಎಲ್ಲ ಆಗಲೇ ವಿಚಾರಿಸಿಬಿಡಿ. ಮೇಜಿನ ಮುಂದೆ ಕೂತ ಮೇಲೆ ಆ ಮಾತೇ ಬರುವುದಿಲ್ಲ.