ಸ್ಟೆಪ್ನಿ ‘ಹಾಕು’ ಅಂದರೆ ಎಲ್ಲಿಗೆ ಹಾಕುವುದು?

ಎಲ್ಲರಿಗೂ ನಮಸ್ಕಾರ. ‘ಹಾಕು’ ಅನ್ನುವ ಒಂದೇ ಒಂದು ಪದದಿಂದ ನಮಗೆ ಒಂದು ಲೋಡ್ ಟೊಮೆಟೊದ ಒಳ್ಳೆ ದರ ಕೈತಪ್ಪಿತು. ಅದಕ್ಕೇ ಈ ಪ್ರಶ್ನೆ.

ನಮ್ಮೂರು ಕೋಲಾರದ ಹತ್ತಿರ, ವೇಮಗಲ್ ಕಡೆ. ಮನೆಯಲ್ಲಿ ಒಂದು ಪಿಕಪ್ ಗಾಡಿ ಇದೆ, ಚಿಕ್ಕಪ್ಪನ ಮಗ ಓಡಿಸುತ್ತಾನೆ. ಒಂದು ಸಂಜೆ ತೋಟದಿಂದ ಬರುವಾಗ ಹಿಂದಿನ ಟೈರು ಪಂಚರ್ ಆಯಿತು. ಸ್ಟೆಪ್ನಿ, ಅಂದರೆ ಬದಲಿ ಚಕ್ರ, ತೊಡಿಸಿಕೊಂಡು ಬಂದ. ಪಂಚರ್ ಆದದ್ದನ್ನು ಅಂಗಡಿಗೆ ಕೊಟ್ಟರೆ, ಜನ ಜಾಸ್ತಿ, ಬೆಳಗ್ಗೆ ಬಾ ಅಂದರಂತೆ. ರಾತ್ರಿ ಚೆನ್ನೈನ ಕೋಯಂಬೇಡು ಮಾರುಕಟ್ಟೆಗೆ ಲೋಡ್ ಇತ್ತು. ಹದಿನೈದು ಕೆ.ಜಿ. ಕ್ರೇಟುಗಳನ್ನು ಏರಿಸುತ್ತಿದ್ದಾಗ ಫೋನ್ ಮಾಡಿ ಕೇಳಿದೆ.

“ಸ್ಟೆಪ್ನಿ ಹಾಕಿದ್ಯೇನೋ?”

“ಆಗ್ಲೇ ಹಾಕ್ದೆ ಅಣ್ಣ.”

ನಾನು ಕೇಳಿದ್ದು ಬಾಡಿ ಕೆಳಗೆ ಅದರ ಜಾಗಕ್ಕೆ ಹಾಕಿದೆಯಾ ಅಂತ. ಅವನು ಹೇಳಿದ್ದು ಪಂಚರ್ ಆದ ಚಕ್ರದ ಜಾಗಕ್ಕೆ, ಅಂದರೆ ಆಕ್ಸಲಿಗೆ ಹಾಕಿದೆ ಅಂತ. ಇಬ್ಬರೂ ಸುಳ್ಳು ಹೇಳಿಲ್ಲ. ನಂಗಲಿ ದಾಟಿ, ಪಲಮನೇರು ದಾಟಿ, ರಾತ್ರಿ ಎರಡು ಗಂಟೆಗೆ ಇನ್ನೊಂದು ಟೈರು ಹೋಯಿತು. ಟಾರ್ಚ್ ಹಿಡಿದು ಕೆಳಗೆ ಬಗ್ಗಿದರೆ ಚೈನು ಮಾತ್ರ ನೇತಾಡುತ್ತಿತ್ತು. ಕೋಯಂಬೇಡು ಸೇರುವ ಹೊತ್ತಿಗೆ ಒಳ್ಳೆ ದರದ ಹೊತ್ತು ಕಳೆದಿತ್ತು.

ಆಮೇಲೆ ಒಂದು ನಿರ್ಧಾರ ಮಾಡಿದೆ. ಗಾಡಿ ಹೊರಡುವ ಮುಂಚೆ ನೋಡಬೇಕಾದ್ದನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸೋಣ ಅಂತ. ಡೀಸೆಲ್, ಲೈಟು, ಗಾಳಿ ಇವೆಲ್ಲ ಸಲೀಸಾಗಿ ಬಂದವು. ಸ್ಟೆಪ್ನಿ ಸಾಲಿಗೆ ಬಂದು ಪೆನ್ನು ನಿಂತಿತು.

ಮೊದಲು ಹೆಸರು. ‘ಸ್ಟೆಪ್ನಿ’ಯನ್ನು ನಾನು ಬಿಡುವುದಿಲ್ಲ, ಹಾಗಾಗಿ ಆ ವಾದ ಬೇಡ. ಇದು ಒಂದು ರಸ್ತೆಯ ಹೆಸರು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಲಾನೆಲ್ಲಿ ಅನ್ನುವ ಊರು. ಅಲ್ಲಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬುವರು 1904ರಲ್ಲಿ ಈ ಚಕ್ರ ಮಾಡಿದರು. ಆಗಿನ ಕಾರುಗಳಿಗೆ ಬದಲಿ ಚಕ್ರವೇ ಇರುತ್ತಿರಲಿಲ್ಲ. ಡೇವಿಸರ ಚಕ್ರಕ್ಕೆ ಅರೆಕಾಲುಗಳಿಲ್ಲ (ಅಂದರೆ ಸ್ಪೋಕುಗಳಿಲ್ಲ), ಬರೀ ರಿಮ್ಮು ಮತ್ತು ಗಾಳಿ ತುಂಬಿದ ಟೈರು. ಪಂಚರ್ ಆದ ಚಕ್ರವನ್ನು ಬಿಚ್ಚದೆ, ಅದರ ಪಕ್ಕಕ್ಕೇ ಇದನ್ನು ಕ್ಲಾಂಪು ಹಾಕಿ ಬಿಗಿಯುತ್ತಿದ್ದರು. ಬ್ರೆಜಿಲಿನವರು ಇವತ್ತಿಗೂ ಬದಲಿ ಟೈರಿಗೆ ‘ಎಸ್ತೆಪಿ’ ಅನ್ನುತ್ತಾರೆ. ನಮ್ಮ ಕಡೆ ಹಳಬರ ಬಾಯಲ್ಲಿ ‘ಇಸ್ಟೆಪ್ನಿ’, ಇಸ್ಕೂಲು ಇದ್ದ ಹಾಗೆ.

ಅಚ್ಚಗನ್ನಡ ಬೇಕು ಅನ್ನುವ ಗೆಳೆಯರೊಬ್ಬರು ‘ಹೆಚ್ಚುವರಿ ಗಾಲಿ’ ಅಂತ ಬರೆಯಿರಿ ಅಂದರು. ಬೆಂಗಳೂರಿನಲ್ಲಿ ನಡೆಯಬಹುದು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಕಷ್ಟ. ಇಲ್ಲಿ ಅರ್ಧ ಮಾತು ತೆಲುಗು, ತೆಲುಗಿನಲ್ಲಿ ‘ಗಾಲಿ’ ಅಂದರೆ ನಮ್ಮ ‘ಗಾಳಿ’. ಪಂಚರ್ ಅಂಗಡಿಯಲ್ಲಿ ‘ಗಾಲಿ ಚೂಡು’ ಅಂದರೆ ಚಕ್ರ ನೋಡು ಅಂತಲ್ಲ, ಗಾಳಿ ನೋಡು ಅಂತ. ಅವರ ಹತ್ತಿರ ಹೋಗಿ ‘ಹೆಚ್ಚುವರಿ ಗಾಲಿ’ ಕೇಳಿದರೆ ಇರುವ ಟೈರಿಗೇ ಇನ್ನಷ್ಟು ಗಾಳಿ ತುಂಬಿ ಕಳಿಸುತ್ತಾರೆ! ಇನ್ನು ‘ಬಿಡಿ ಚಕ್ರ’. ‘ಬಿಡಿಭಾಗ’ ಚಾಲ್ತಿಯಲ್ಲಿ ಇರುವುದರಿಂದ ಇದು ಸರಿ ಅನಿಸುತ್ತದೆ. ಆದರೆ ಬಿಗಿಯಾಗಿ ಇಡಲೇಬೇಕಾದ ವಸ್ತುವಿನ ಹೆಸರಲ್ಲೇ ‘ಬಿಡಿ’ ಇರುವುದು ನನ್ನ ಕಿವಿಗೆ ಕೂರುವುದಿಲ್ಲ.

ನಮ್ಮಲ್ಲಿ ಹಳೆ ಪದ ಸಿಗದಿರುವುದಕ್ಕೆ ಕಾರಣವೂ ಇದೆ. ತಾತನ ಎತ್ತಿನ ಗಾಡಿಯಲ್ಲಿ ಬದಲಿ ಚಕ್ರ ಯಾವತ್ತೂ ಇರಲಿಲ್ಲ. ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹೊಡೆಯುವ ಕಡೆಗೀಲು ಇನ್ನೊಂದು ಇರುತ್ತಿತ್ತು, ಕೀಲೆಣ್ಣೆ ಇರುತ್ತಿತ್ತು. ಎಣ್ಣೆಯ ಗೊಟ್ಟ ಗಾಡಿಯ ಕೆಳಗೆ ನೇತಾಡುತ್ತಿತ್ತು. ಈಗ ಸ್ಟೆಪ್ನಿ ಇರುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ.

ನಿಜವಾದ ಪ್ರಶ್ನೆ ಹೆಸರಿನದಲ್ಲ, ಕ್ರಿಯಾಪದದ್ದು. ನಮ್ಮ ಗಾಡಿಯಲ್ಲಿ ಸ್ಟೆಪ್ನಿ ಹೇಗೆ ಕೂರುತ್ತದೆ ಅಂತ ಹೇಳಿದರೆ ತೊಡಕು ಅರ್ಥವಾಗುತ್ತದೆ. ಬಾಡಿಯ ಕೆಳಗೆ, ಹಿಂಭಾಗದಲ್ಲಿ, ಒಂದು ಚೈನು ಇಳಿಬಿದ್ದಿರುತ್ತದೆ. ತುದಿಯಲ್ಲಿ ಒಂದು ಕಬ್ಬಿಣದ ಪಟ್ಟಿ. ಅಂಗಿಯ ಗುಂಡಿಯನ್ನು ಕಾಜಾದಲ್ಲಿ ತೂರಿಸುವಂತೆ ಆ ಪಟ್ಟಿಯನ್ನು ಓರೆ ಮಾಡಿ ಚಕ್ರದ ಡಿಸ್ಕಿನ ನಡುವಿನ ತೂತಿನಲ್ಲಿ ತೂರಿಸಬೇಕು, ಆಚೆ ಬದಿ ಅಡ್ಡ ಮಾಡಬೇಕು. ಆಮೇಲೆ ಹಿಂದಿನಿಂದ ಕಂಬಿ ಹಾಕಿ ತಿರುಗಿಸಿದರೆ ಚೈನು ಸುತ್ತಿಕೊಂಡು ಟೈರು ಮೇಲಕ್ಕೆ ಹೋಗುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಟೈರು ಮೇಲೆ ಹೋಯಿತು ಅಂತ ನಿಲ್ಲಿಸುತ್ತಾರೆ. ಮೆಕ್ಯಾನಿಕ್ ನಮಗೆ ಹೇಳಿದ್ದು, “ಚಾಸಿಗೆ ಕಚ್ಚಿಕೊಳ್ಳೋ ತನಕ ತಿರುಗ್ಸಿ. ಕೈಯಲ್ಲಿ ಅಲ್ಲಾಡ್ಸಿದ್ರೆ ಗಾಡಿನೇ ಅಲ್ಲಾಡ್ಬೇಕು, ಟೈರಲ್ಲ.” ಸಡಿಲ ಬಿಟ್ಟರೆ ಪ್ರತಿ ಹಳ್ಳಕ್ಕೂ ಟೈರು ಜೋಲಿ ಹೊಡೆದು ಚೈನು ಸವೆಯುತ್ತದೆ. ಒಂದು ದಿನ ಕಿತ್ತು ರಸ್ತೆಗೆ ಬೀಳುತ್ತದೆ. ಹಿಂದೆ ಬೈಕಿನವರು ಬರುತ್ತಿದ್ದರೆ ಏನು ಗತಿ? ಡ್ರೈವರುಗಳು ಇದಕ್ಕೆ ‘ಸ್ಟೆಪ್ನಿ ಉಯ್ಯಾಲೆ ಆಡ್ತಿದೆ’ ಅನ್ನುತ್ತಾರೆ.

ಇದಕ್ಕೆ ಒಂದೇ ಮಾತು ಯಾವುದು? ‘ಕಟ್ಟು’ ಅಂದರೆ ನಮ್ಮ ಹುಡುಗರು ಹಗ್ಗ ಹುಡುಕುತ್ತಾರೆ. ಕ್ಯಾಬಿನ್ನಿನ ಹಿಂದೆ ನಿಲ್ಲಿಸಿ ಹಗ್ಗದಲ್ಲಿ ಬಿಗಿದರೆ ಅದು ಕಟ್ಟುವುದು, ಅದಕ್ಕೆ ಆ ಪದವೇ ಸರಿ. (ಅಲ್ಲಿ ಜೀರುಕುಣಿಕೆ ಹಾಕಬೇಡಿ, ಕುಲುಕಾಟಕ್ಕೆ ಜಾರುತ್ತದೆ.) ‘ಏರಿಸು’ ಅಂದರೆ ಮೇಲೆ ಹೋದದ್ದು ಗೊತ್ತಾಗುತ್ತದೆ, ಕಚ್ಚಿಕೊಂಡದ್ದು ಗೊತ್ತಾಗುವುದಿಲ್ಲ. ‘ಬಿಗಿ’ ಅಂದರೆ ಚಕ್ರದ ನಟ್ಟು ಬಿಗಿಯುವುದೂ ಬರುತ್ತದೆ, ಮತ್ತೆ ಅದೇ ಆಕ್ಸಲ್ ಗೊಂದಲ. ಮೊದಲ ಸಲ ನಾನು ಹಾಳೆಯಲ್ಲಿ ಬರೆದದ್ದು ‘ಸ್ಟೆಪ್ನಿಯನ್ನು ಭದ್ರಪಡಿಸಿ’ ಅಂತ. ತಮ್ಮ ಓದಿ ಕೇಳಿದ, “ಬೀಗ ಹಾಕೋದಾ ಅಣ್ಣ?” ತಪ್ಪಿಲ್ಲ. ತರಕಾರಿ ಮಂಡಿ ಹತ್ತಿರ ರಾತ್ರಿ ಗಾಡಿ ನಿಲ್ಲಿಸಿದರೆ ಸ್ಟೆಪ್ನಿ ಕದಿಯುವವರೂ ಇದ್ದಾರೆ, ಚೈನಿಗೆ ಬೀಗ ಹಾಕುವುದೂ ಒಂದು ಭದ್ರತೆಯೇ.

ಸದ್ಯಕ್ಕೆ ‘ಕಚ್ಚಿಸು’ ಅಂತ ಬರೆದಿದ್ದೇನೆ. ‘ಸ್ಟೆಪ್ನಿ ಕೆಳಗೆ ಕಚ್ಚಿಸಿದೆಯಾ, ಅಲ್ಲಾಡಿಸಿ ನೋಡು.’ ಮೆಕ್ಯಾನಿಕ್ಕಿನ ಬಾಯಿಂದಲೇ ಬಂದ ಮಾತು, ನನಗೆ ಇಷ್ಟವಾಯಿತು. ಆದರೆ ಮನೆಯಲ್ಲಿ ಇದನ್ನು ಜೋರಾಗಿ ಓದಿದಾಗ ಅಮ್ಮ ನಕ್ಕುಬಿಟ್ಟರು, ನಾಯಿ ಕೈಲಿ ಕಚ್ಚಿಸೋದಾ ಅಂತ. ತುಮಕೂರು, ಚಿಕ್ಕಬಳ್ಳಾಪುರ ಕಡೆಯ ಗಾಡಿಯವರು ಏನನ್ನುತ್ತಾರೆ? ಲಾರಿಯವರಲ್ಲಿ ಬೇರೆ ಮಾತು ಇದೆಯೇ?

ಇನ್ನೊಂದು ಚಿಕ್ಕ ಪ್ರಶ್ನೆ. ಸ್ಟೆಪ್ನಿ ಆಕ್ಸಲಿಗೆ ಹೋದ ಮೇಲೆ ಅದು ಇನ್ನೂ ಸ್ಟೆಪ್ನಿಯೇ? ಪಂಚರ್ ಆದ ಟೈರನ್ನು ಕೆಳಗೆ ಕಚ್ಚಿಸಿಕೊಂಡು ಹೊರಟರೆ ಗಾಡಿಯಲ್ಲಿ ಸ್ಟೆಪ್ನಿ ಇದೆ ಅನ್ನಬೇಕೋ, ಇಲ್ಲ ಅನ್ನಬೇಕೋ? ತಮ್ಮ ‘ಇದೆ, ಆದ್ರೆ ಪಂಚರ್ರು’ ಅನ್ನುತ್ತಾನೆ. ನಾನು ‘ಇಲ್ಲ’ ಅನ್ನುತ್ತೇನೆ. ಹಾಳೆಯಲ್ಲಿ ಆ ಸಾಲು ಇನ್ನೂ ಖಾಲಿ ಇದೆ.